ಪ್ರತಿ ತಿಂಗಳ 1ನೇ ತಾರೀಖು ನನ್ನ ತಾಯಿ ಸಾಯುತ್ತಾರೆ: ಆಯುಕ್ತರಿಗೊಂದು ಬಹಿರಂಗ ಪತ್ರ

ಮಾನ್ಯ ಆಯುಕ್ತರೇ,

ನಮಸ್ಕಾರ. ಹತ್ತೊಂಬತ್ತು ತಿಂಗಳಿಂದ ನಿಮ್ಮ ಇಲಾಖೆಗೆ ಮನವಿ ಕೊಡುತ್ತಾ ಬಂದಿದ್ದೇನೆ. ನನ್ನ ಹತ್ತಿರ ಏಳು ಸ್ವೀಕೃತಿ ಚೀಟಿಗಳಿವೆ, ಉತ್ತರ ಒಂದೂ ಇಲ್ಲ. ಅದಕ್ಕೇ ಈ ಸಲ ಟಪಾಲು ಶಾಖೆಗೆ ಕೊಡದೆ ನಾಲ್ಕು ಜನ ಓದುವ ಹಾಗೆ ಬರೆಯುತ್ತಿದ್ದೇನೆ. ಕೇಳುತ್ತಿರುವುದು ಒಂದೇ ಪ್ರಶ್ನೆ. ನನ್ನ ತಾಯಿಯ ದಾಖಲೆಗೆ ನಿಮ್ಮಲ್ಲಿ ಹೊಣೆ ಯಾರು? ಹೆಸರು, ಹುದ್ದೆ ಹೇಳಿ.

ಅಪ್ಪ ತೀರಿಕೊಂಡ ಮೇಲೆ ಅಮ್ಮನಿಗೆ ಕುಟುಂಬ ಪಿಂಚಣಿ ಬರುತ್ತಿತ್ತು. ಅಷ್ಟರಲ್ಲಿ ನಿಮ್ಮಲ್ಲಿ ಒಬ್ಬರದ್ದೇ ಎರಡೆರಡು ಸಲ ಇರುವ ದಾಖಲೆಗಳನ್ನು ತೆಗೆಯುವ ಅಭಿಯಾನ ಶುರುವಾಯಿತು. ವಿಳಾಸ ಒಂದೇ, ಮೊಬೈಲ್ ನಂಬರು ಒಂದೇ, ಬ್ಯಾಂಕ್ ಖಾತೆ ಜಂಟಿ. ಇಷ್ಟು ಸಾಕಾಯಿತು ನಿಮ್ಮ ತಂತ್ರಾಂಶಕ್ಕೆ. ಗಂಡ ಹೆಂಡತಿ ಇಬ್ಬರೂ ಒಬ್ಬರೇ ಎಂದು ತೀರ್ಮಾನಿಸಿ ಎರಡು ದಾಖಲೆಗಳನ್ನೂ ಬೆಸೆದುಬಿಟ್ಟಿತು. ಅಪ್ಪನ ಸಾವು ಅಮ್ಮನ ಸಾಲಿಗೆ ಬಂದು ಕೂತಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುತ್ತಾರಲ್ಲ, ಹಾಗೆ. ಬೆಸೆಯುವ ಮುಂಚೆ ಹೆಸರು, ಲಿಂಗ, ಹುಟ್ಟಿದ ದಿನ ತಾಳೆಯಾಗುತ್ತವೆಯೇ ಎಂದು ಒಬ್ಬ ಮನುಷ್ಯ ಕಣ್ಣು ಹಾಯಿಸಿದ್ದರೆ ಸಾಕಿತ್ತು. ಹಾಗೆ ನೋಡಬೇಕೆಂಬ ನಿಯಮ ನಿಮಗೆ ಗೊತ್ತಿಲ್ಲದ್ದೇನಲ್ಲ.

ಪಿಂಚಣಿ ನಿಂತಾಗ ಅಮ್ಮನನ್ನು ಕರೆದುಕೊಂಡೇ ಬಂದೆ. 81 ವರ್ಷ, ಮಂಡಿನೋವು, ಲಿಫ್ಟ್ ಕೆಟ್ಟಿತ್ತು. ಎರಡನೇ ಮಹಡಿಯ ಕೌಂಟರಿನಲ್ಲಿದ್ದ ಹುಡುಗ ಪಾಪ ಒಳ್ಳೆಯವನು, ಮಾನಿಟರನ್ನೇ ನಮ್ಮ ಕಡೆ ತಿರುಗಿಸಿದ. ಅಮ್ಮನ ಫೋಟೋ, ಅಮ್ಮನ ಹೆಸರು, ಪಕ್ಕದಲ್ಲಿ ಕೆಂಪು ಅಕ್ಷರದಲ್ಲಿ ‘ಮೃತ’. ಅಮ್ಮ ಕನ್ನಡಕ ಸರಿಮಾಡಿಕೊಂಡು ಓದಿ, “ಹೌದಾ? ಯಾವಾಗ?” ಅಂದರು. ಸಾಲಿನಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಮನೆಗೆ ಬಂದ ಮೇಲೆ ಅಮ್ಮ ರಾತ್ರಿ ಊಟ ಮಾಡಲಿಲ್ಲ.

ಅದೇ ವಾರ ನಿಮ್ಮ ಲೆಕ್ಕಪತ್ರ ಶಾಖೆಯಿಂದ ವಸೂಲಿ ನೋಟಿಸ್ ಬಂತು. ಮರಣಾನಂತರ ಪಡೆದ ಪಿಂಚಣಿಯನ್ನು ಹಿಂತಿರುಗಿಸಬೇಕು, ತಪ್ಪಿದರೆ ಖುದ್ದಾಗಿ ಹಾಜರಾಗಿ ವಿವರಣೆ ನೀಡಬೇಕು. ವಿಳಾಸದಲ್ಲಿ ಅಮ್ಮನ ಹೆಸರಿನ ಹಿಂದೆ ‘ದಿವಂಗತ’ ಎಂದು ಮರ್ಯಾದೆಯಿಂದಲೇ ಬರೆದಿದ್ದರು. ಸತ್ತವರನ್ನು ಖುದ್ದು ಹಾಜರಿಗೆ ಕರೆಯುವ ಅಧಿಕಾರ ಯಮನಿಗೆ ಮಾತ್ರ ಇದೆ ಅಂದುಕೊಂಡಿದ್ದೆ.

ಜೀವಿತ ಪ್ರಮಾಣಪತ್ರ ಕೊಟ್ಟೆವು. ಕೌಂಟರಿನ ಹುಡುಗ ಅಲ್ಲೇ ತಿದ್ದಿದ, ಅಮ್ಮ ಬದುಕಿದರು. ಮುಂದಿನ ತಿಂಗಳು ನೋಡಿದರೆ ಮತ್ತೆ ‘ಮೃತ’. ತಿದ್ದಿದೆವು. ಮತ್ತೆ ಸತ್ತರು. ಗುಟ್ಟು ಗೊತ್ತಾಗಲು ನನಗೆ ಐದು ತಿಂಗಳು ಹಿಡಿಯಿತು. ಕೌಂಟರಿನಲ್ಲಿ ತಿದ್ದುವುದು ಪ್ರತಿಯನ್ನು. ಮೂಲ ದಾಖಲೆ ಬೇರೆ ಸರ್ವರಿನಲ್ಲಿದೆ. ಪ್ರತಿ ತಿಂಗಳ 1ನೇ ತಾರೀಖು ರಾತ್ರಿ ಅಲ್ಲಿಂದ ಹೊಸದಾಗಿ ನಕಲು ಇಳಿದು, ಹುಡುಗ ತಿದ್ದಿದ್ದನ್ನೆಲ್ಲ ಒರೆಸಿ ಹಾಕುತ್ತದೆ. ಮೂಲವನ್ನು ತಿದ್ದುವ ಅಧಿಕಾರ ಯಾರಿಗಿದೆ ಎಂದು ಕೇಳಿದ್ದೇ ತಪ್ಪಾಯಿತು. ಪಿಂಚಣಿ ಶಾಖೆ ಹೇಳಿತು, “ಕಂಪ್ಯೂಟರಿನಲ್ಲಿ ಹಾಗೇ ಬರುತ್ತೆ, ಐಟಿಯವರನ್ನು ಕೇಳಿ.” ಐಟಿಯವರು, “ಸಾಫ್ಟ್‌ವೇರ್ ನಮ್ಮದು, ಡೇಟಾ ನಮ್ಮದಲ್ಲ.” ನೋಂದಣಿ ಶಾಖೆ, “ನಾವು ಕಳಿಸಿದ್ದು ಸರಿಯಾಗೇ ಇತ್ತು.” ಮೂವರೂ ಸುಳ್ಳು ಹೇಳುತ್ತಿಲ್ಲ. ನನಗೆ ಸಿಟ್ಟು ಬರುವುದು ಅದಕ್ಕೇ.

ನಿಮ್ಮಲ್ಲಿ ‘ಡೇಟಾ ಆಡಳಿತ ನೀತಿ’ ಇದೆ, ನನಗೆ ಗೊತ್ತು. ಪೂರ್ತಿ ಓದಿದ್ದೇನೆ, ಓದಿದವನು ನಾನೊಬ್ಬನೇ ಇರಬೇಕು ಎಂಬ ಗುಮಾನಿಯೂ ಇದೆ. ಅನುಬಂಧದ ಕೋಷ್ಟಕದಲ್ಲಿ ‘ದತ್ತಾಂಶದ ಹೊಣೆಗಾರರು’ ಎಂಬ ಅಂಕಣವಿದೆ. ಮೇಲಿನಿಂದ ಕೆಳಗಿನವರೆಗೆ ಒಂದೇ ಉತ್ತರ: ‘ಸಂಬಂಧಪಟ್ಟ ಶಾಖೆ’. ಸ್ವಾಮಿ, ನಿಮ್ಮ ಕಟ್ಟಡದ ನಾಲ್ಕೂ ಮಹಡಿ ಹತ್ತಿಳಿದಿದ್ದೇನೆ, ‘ಸಂಬಂಧಪಟ್ಟ ಶಾಖೆ’ ಎಂಬ ಬೋರ್ಡು ಎಲ್ಲೂ ಕಾಣಲಿಲ್ಲ.

ಇದು ಅಮ್ಮನೊಬ್ಬರ ಗೋಳು ಅಂದುಕೊಳ್ಳಬೇಡಿ. ನಾನು ಬ್ಯಾಂಕೊಂದರ ದಾಖಲೆ ವಿಭಾಗದಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದವನು. 2008ರ ಆರ್ಥಿಕ ಬಿಕ್ಕಟ್ಟಿನಲ್ಲಿ ಜಗತ್ತಿನ ದೊಡ್ಡ ದೊಡ್ಡ ಬ್ಯಾಂಕುಗಳಿಗೇ ತಮ್ಮ ದುಡ್ಡು ಯಾರಲ್ಲಿ ಎಷ್ಟು ಸಿಕ್ಕಿಕೊಂಡಿದೆ ಎಂದು ಬೇಗ ಕೂಡಿಸಿ ಹೇಳಲಾಗಲಿಲ್ಲ. ಲೆಕ್ಕವೆಲ್ಲ ಬೇರೆ ಬೇರೆ ಕಂಪ್ಯೂಟರುಗಳಲ್ಲಿ ಚದುರಿತ್ತು. ಆಮೇಲೆ 2013ರ ಜನವರಿಯಲ್ಲಿ, ಬ್ಯಾಂಕುಗಳ ಮೇಲ್ವಿಚಾರಣೆಗೆ ಅಂತರರಾಷ್ಟ್ರೀಯ ಮಾನದಂಡ ರೂಪಿಸುವ ಬಾಸೆಲ್ ಸಮಿತಿ ಇಂಥ ಲೆಕ್ಕ ಕೂಡಿಸುವ ಬಗ್ಗೆ 14 ತತ್ವಗಳನ್ನು ಹೊರಡಿಸಿತು. ಅದರಲ್ಲಿ ಮೊದಲನೆಯದು ಹೊಸ ಸರ್ವರ್ ಕೊಳ್ಳಿ ಎಂದಲ್ಲ, ಆಡಳಿತದ್ದು. ಹೊಣೆ ಆಡಳಿತ ಮಂಡಳಿಯ ತನಕ ಹೋಗುತ್ತದೆ ಎಂದು. 2020ರಲ್ಲಿ ಇಂಗ್ಲೆಂಡಿನಲ್ಲಿ 15,841 ಕೋವಿಡ್ ಪ್ರಕರಣಗಳು ದಿನದ ಲೆಕ್ಕದಿಂದ ಬಿಟ್ಟುಹೋಗಿದ್ದು ನೆನಪಿರಬಹುದು. ಆ ಲೆಕ್ಕ ಸಾಗಿಸಲು ಬಳಸಿದ ಹಳೇ ಮಾದರಿಯ ಎಕ್ಸೆಲ್ ಕಡತದಲ್ಲಿ 65,536 ಸಾಲಿಗಿಂತ ಹೆಚ್ಚು ಹಿಡಿಯುವುದಿಲ್ಲ, ಅಷ್ಟೇ ಕಾರಣ. ಎಲ್ಲ ಸಾಲುಗಳೂ ಆ ಕಡೆ ತಲುಪಿದವೇ ಎಂದು ಎಣಿಸುವ ಕೆಲಸ ಯಾರದ್ದಾದರೂ ಆಗಿದ್ದರೆ ಅಂದೇ ಗೊತ್ತಾಗುತ್ತಿತ್ತು. ಯುರೋಪಿನ ದತ್ತಾಂಶ ರಕ್ಷಣಾ ಕಾನೂನಿನ (ಜಿಡಿಪಿಆರ್) 16ನೇ ವಿಧಿ ತಪ್ಪು ಮಾಹಿತಿಯನ್ನು ತಿದ್ದಿಸಿಕೊಳ್ಳುವುದು ವ್ಯಕ್ತಿಯ ಹಕ್ಕು ಎನ್ನುತ್ತದೆ. ನಿಮ್ಮಲ್ಲಿ ಅದು ಕೌಂಟರಿನ ಹುಡುಗನ ದಯೆ.

ಇವೆಲ್ಲ ನಿಮಗೆ ಗೊತ್ತಿರುವುದೇ. ಆದ್ದರಿಂದ ಬೋಧನೆ ಸಾಕು, ಬೇಡಿಕೆಗೆ ಬರುತ್ತೇನೆ. ಹೊಸ ಪೋರ್ಟಲ್ ಬೇಡ. ಆ್ಯಪ್ ಬೇಡ. ಇನ್ನೊಂದು ಸಮಿತಿ ಅಂತೂ ದೇವರಾಣೆಗೂ ಬೇಡ. ಪಿಂಚಣಿದಾರರ ಮೂಲ ದಾಖಲೆಗೆ ಒಬ್ಬ ಅಧಿಕಾರಿಯನ್ನು ಹೆಸರು ಹೇಳಿ ನೇಮಿಸಿ. ತಪ್ಪನ್ನು ಮೂಲದಲ್ಲೇ ತಿದ್ದುವ ಅಧಿಕಾರ ಅವರಿಗಿರಲಿ, ತಿದ್ದದಿದ್ದರೆ ಕಾರಣ ಕೇಳುವ ನೋಟಿಸೂ ಅವರಿಗೇ ಹೋಗಲಿ. ಆ ‘ಸಂಬಂಧಪಟ್ಟ ಶಾಖೆ’ ಹೊಡೆದುಹಾಕಿ ಅಲ್ಲೊಂದು ಹುದ್ದೆ ಬರೆಯಿರಿ. ಒಂದು ಹುದ್ದೆ, ಒಂದು ಹೆಸರು, ಒಂದು ಫೋನ್ ನಂಬರು.

ಏಳು ಮನವಿಗಳಲ್ಲೂ ಇದನ್ನೇ ಕೇಳಿದ್ದೆ. ಹೊಣೆ ಯಾರು?

ಮುಂದಿನ 1ನೇ ತಾರೀಖಿಗೆ ಇನ್ನು ಹನ್ನೆರಡು ದಿನ ಇದೆ. ಅಷ್ಟರೊಳಗೆ ಹೆಸರು ತಿಳಿಸಿದರೆ ನೇರವಾಗಿ ಅವರನ್ನೇ ಕಾಣುತ್ತೇವೆ. ಇಲ್ಲದಿದ್ದರೆ 2ನೇ ತಾರೀಖು ಬೆಳಗ್ಗೆ ಹತ್ತೂವರೆಗೆ ಅಮ್ಮ ಮತ್ತು ನಾನು ಎಂದಿನಂತೆ ಎರಡನೇ ಮಹಡಿಯಲ್ಲಿರುತ್ತೇವೆ. ಲಿಫ್ಟ್ ರಿಪೇರಿಯಾಗಿದ್ದರೆ ದಯವಿಟ್ಟು ಅದನ್ನಾದರೂ ತಿಳಿಸಿ.

ಇಂತಿ,
‘ದಿವಂಗತ’ ಪಿಂಚಣಿದಾರರೊಬ್ಬರ ಮಗ