ಫ್ರಾಂಚೈಸಿ ಕರಾರಿನ 'ಪ್ರದೇಶ' ಕಲಂ: ಸಹಿಗೆ ಮುನ್ನ

ಸದಸ್ಯರ ಗಮನಕ್ಕೆ,

ಬೇರೆಯವರ ಬ್ರ್ಯಾಂಡಿನಡಿ ಹೋಟೆಲ್ ನಡೆಸುವ ಫ್ರಾಂಚೈಸಿ ಕರಾರಿನಲ್ಲಿ, ಯಾವ ಪ್ರದೇಶದಲ್ಲಿ ಆ ಬ್ರ್ಯಾಂಡ್ ನಿಮಗೊಬ್ಬರಿಗೇ ಮೀಸಲು (ಏಕಸ್ವಾಮ್ಯ) ಎಂದು ಹೇಳುವುದೇ 'ಪ್ರದೇಶ' ಕಲಂ. ಅದರಲ್ಲಿ '3 ಕಿ.ಮೀ. ವ್ಯಾಪ್ತಿ' ಎಂದಷ್ಟೇ ಬರೆದಿದ್ದರೆ ಒಪ್ಪಬೇಡಿ. ನೇರ ಗೆರೆಯೋ ರಸ್ತೆ ದೂರವೋ, ಎಲ್ಲಿಂದ ಅಳತೆ, ಇವು ಸ್ಪಷ್ಟವಿರಲಿ. ರಿಂಗ್ ರಸ್ತೆ, ರೈಲು ಹಳಿ ಅಡ್ಡ ಬರುವ ಬೆಂಗಳೂರಿನಂಥ ಊರಲ್ಲಿ ಎರಡಕ್ಕೂ ಅಜಗಜಾಂತರ. ಗಡಿ ಗುರುತಿಸಿದ ನಕ್ಷೆಯನ್ನು ಅನುಬಂಧವಾಗಿ ಸೇರಿಸಿ, ಪ್ರತಿ ಪುಟಕ್ಕೂ ಇಬ್ಬರೂ ಸಹಿ ಹಾಕುವುದೇ ಲೇಸು.

ಮುಖ್ಯ ಪೆಟ್ಟು ಬೀಳುವುದು ಡೆಲಿವರಿಯಲ್ಲಿ. ನಿಮ್ಮ ಪ್ರದೇಶದಲ್ಲಿ ಹೊಸ ಮಳಿಗೆ ತೆರೆಯುವುದಿಲ್ಲ ಎಂಬ ಬ್ರ್ಯಾಂಡ್ ಮಾಲೀಕರ ಮಾತು ಕ್ಲೌಡ್ ಕಿಚನ್ (ಡೆಲಿವರಿಗೆಂದೇ ಇರುವ ಅಡುಗೆಮನೆ) ಅನ್ನಾಗಲಿ, ಪಕ್ಕದ ಶಾಖೆ ಸ್ವಿಗ್ಗಿ, ಜೊಮ್ಯಾಟೊ ಮೂಲಕ ನಿಮ್ಮ ಬೀದಿಗೇ ದೋಸೆ ಕಳಿಸುವುದನ್ನಾಗಲಿ ತಾನಾಗಿ ತಡೆಯದು. ಇವೆರಡನ್ನೂ ಹೆಸರಿಸಿಯೇ ನಿಷೇಧಿಸಬೇಕು. ಬ್ರ್ಯಾಂಡ್ ಮಾಲೀಕರು ತಮಗೇ ಉಳಿಸಿಕೊಳ್ಳುವ 'ಕಾಯ್ದಿರಿಸಿದ ಹಕ್ಕುಗಳು' ಭಾಗವನ್ನೂ ಓದಿ: ವಿಮಾನ ನಿಲ್ದಾಣ, ಮಾಲ್, ಆಸ್ಪತ್ರೆ ಕ್ಯಾಂಟೀನ್, ಪ್ಯಾಕೆಟ್ ಚಟ್ನಿಪುಡಿ ಮಾರಾಟ ಸಾಮಾನ್ಯವಾಗಿ ಅಲ್ಲೇ ಅಡಗಿರುತ್ತವೆ.

ಮಾರಾಟದ ಗುರಿ ತಪ್ಪಿದರೆ ಏಕಸ್ವಾಮ್ಯ ರದ್ದು ಎಂದಿದ್ದರೆ, ಕನಿಷ್ಠ ಎರಡು ತ್ರೈಮಾಸಿಕ ಕಾಲಾವಕಾಶ ಕೇಳಿ.

ಭಾರತದಲ್ಲಿ ಫ್ರಾಂಚೈಸಿಗೆಂದೇ ಪ್ರತ್ಯೇಕ ಕಾಯ್ದೆಯಿಲ್ಲ. 1872ರ ಕರಾರು ಕಾಯ್ದೆಯೇ ಮುಖ್ಯ ಆಧಾರ. ಅವಧಿಯೊಳಗೆ ಪೈಪೋಟಿ ಹೋಟೆಲ್ ನಡೆಸಬಾರದೆಂಬ ಷರತ್ತು ಸಾಮಾನ್ಯವಾಗಿ ಕೋರ್ಟಿನಲ್ಲಿ ಊರ್ಜಿತವಾಗುತ್ತದೆ; ಅವಧಿ ಮುಗಿದ ಮೇಲಿನ ನಿರ್ಬಂಧ, ವ್ಯಾಪಾರಕ್ಕೆ ತಡೆಯೊಡ್ಡುವ ಕರಾರು ಅಸಿಂಧು ಎನ್ನುವ ಆ ಕಾಯ್ದೆಯ 27ನೇ ಕಲಮಿನ ಮುಂದೆ ಬಹುತೇಕ ನಿಲ್ಲದು. ಆದರೆ ಆಗಲೂ ಬ್ರ್ಯಾಂಡ್ ಹೆಸರು, ಮಸಾಲೆ ಗುಟ್ಟು ಬಳಸುವಂತಿಲ್ಲ, ಅದು ಬೇರೆ ವಿಷಯ.