ಇರಾಕಿಗೆ ಹೋಗದ ನನ್ನ ಟ್ರಂಕು

ಮಾನ್ಯ ಸಂಪಾದಕರೇ,

ಮೊನ್ನೆ ಬೆಳಿಗ್ಗೆ ಕಾರಟಗಿಯ ಒಂದು ಹೋಟೆಲಿನಲ್ಲಿ ಒಗ್ಗರಣಿ ಮಿರ್ಚಿ ತಿನ್ನುತ್ತ ಕೂತಿದ್ದೆ. ಪಕ್ಕದ ಟೇಬಲ್ಲಿನಲ್ಲಿ ಯುದ್ಧದ ಮಾತು ಜೋರಾಗಿತ್ತು. ‘ಸರ್ಕಾರ ಯುದ್ಧ ಅಂದಮ್ಯಾಲೆ ಮುಗೀತು. ಯಾಕ ಅಂತ ಕೇಳಿದ್ರ ಸೈನಿಕರಿಗೆ ಅವಮಾನ ಮಾಡಿದಂಗ’ ಅಂದ ಒಬ್ಬ ಹುಡುಗ. ನನ್ನ ಕಡೆ ತಿರುಗಿ, ‘ಹೌದಲ್ರಿ ಕಾಕಾ?’ ಅಂದ. ನಾನು ಮಿಲಿಟರಿಯಲ್ಲಿದ್ದವನು ಅಂತ ಅವನಿಗೆ ಗೊತ್ತು. ಬಾಯಲ್ಲಿ ಮಿರ್ಚಿ ಇತ್ತು, ಆಗ ಏನೂ ಹೇಳಲಿಲ್ಲ. ಅದಕ್ಕೇ ಈ ಪತ್ರ.

2003ರ ಮಾತು. ಅಮೆರಿಕ ಇರಾಕಿಗೆ ನುಗ್ಗಿ ಬಾಗ್ದಾದ್ ಹಿಡಿದಿತ್ತು. ಅಲ್ಲಿನ ಕಾವಲಿಗೆ ನಮ್ಮದೊಂದು ಡಿವಿಷನ್, ಸುಮಾರು 17 ಸಾವಿರ ಜನ, ಬೇಕು ಅಂತ ದೆಹಲಿಯನ್ನು ಕೇಳಿತು. ನಮ್ಮ ಯುನಿಟ್ಟೂ ಹೋಗಬಹುದು ಅಂತ ಬ್ಯಾರಕ್ಕಿನಲ್ಲಿ ಸುದ್ದಿ ಹಬ್ಬಿತು. ನಿಜ ಹೇಳಬೇಕೆಂದರೆ ನನಗೆ ಖುಷಿಯೇ ಆಗಿತ್ತು. ಹೊರದೇಶದ ಡ್ಯೂಟಿ, ಭತ್ಯೆ ಜಾಸ್ತಿ. ಊರ ಮನೆಗೆ ಸಿಮೆಂಟಿನ ಮಾಳಿಗೆ ಹಾಕಿಸೋ ಲೆಕ್ಕ ಹಾಕಿಟ್ಟಿದ್ದೆ. ಕರಿ ಟ್ರಂಕಿನ ಮೇಲೆ ಮಾಸಿದ್ದ ನಂಬರನ್ನು ಬಿಳಿ ಬಣ್ಣದಲ್ಲಿ ಮತ್ತೆ ಬರೆದೆ. ಸೈನ್ಯ ಕಳಿಸಬೇಡಿ ಅನ್ನುತ್ತಿದ್ದ ಪಾರ್ಟಿಯವರನ್ನು ‘ಇವರಿಗೇನು ಗೊತ್ತು’ ಅಂತ ಬೈದವರಲ್ಲಿ ನಾನೂ ಒಬ್ಬ.

ಹೆಂಡತಿಗೆ ಆಗ ಆರು ತಿಂಗಳು. ಭಾನುವಾರ ಊರಿನ ಎಸ್‌ಟಿಡಿ ಬೂತಿಗೆ ಫೋನ್ ಮಾಡಿದರೆ ಅವ್ವ ಒಂದೇ ಮಾತು ಕೇಳುತ್ತಿದ್ದಳು: ‘ಆ ಊರಾಗಿನ ಮಂದಿ ನಮಗೇನು ಮಾಡ್ಯಾರಪ್ಪಾ?’ ‘ಆರ್ಡರ್ ಬೇ’ ಅಂತಿದ್ದೆ. ನನ್ನ ಹತ್ತಿರ ಇದ್ದ ಉತ್ತರ ಅಷ್ಟೇ. ಯುನಿಫಾರ್ಮ್ ಹಾಕಿದವನು ಯಾಕೆ ಅಂತ ಕೇಳುವ ಹಾಗಿಲ್ಲ. ಅವಳು ಹುಲಿಗೆಮ್ಮನಿಗೆ ಹರಕೆ ಹೊತ್ತಳು.

ನಾನು ಕೇಳಲಾಗದ್ದನ್ನು ದೆಹಲಿಯಲ್ಲಿ ಬೇರೆಯವರು ಕೇಳಿದರು. ಏಪ್ರಿಲ್‌ನಲ್ಲೇ ಲೋಕಸಭೆ ಆ ಯುದ್ಧವನ್ನು ಖಂಡಿಸಿ ನಿರ್ಣಯ ಮಾಡಿತ್ತು. ಸೈನ್ಯ ಕಳಿಸಬಾರದು ಅಂತ ಸೋನಿಯಾ ಗಾಂಧಿ ಪ್ರಧಾನಿಗೆ ಪತ್ರ ಬರೆದರು. ಎಡಪಕ್ಷದವರೂ ಪಟ್ಟು ಹಿಡಿದರು. ಜುಲೈ 14ರಂದು ವಾಜಪೇಯಿ ಸರ್ಕಾರ, ವಿಶ್ವಸಂಸ್ಥೆಯ ಸ್ಪಷ್ಟ ಆದೇಶ ಇಲ್ಲದೆ ಕಳಿಸುವುದಿಲ್ಲ ಅಂದಿತು. ಟ್ರಂಕು ಮಂಚದ ಕೆಳಗೇ ಉಳಿಯಿತು. ಐದೇ ವಾರಕ್ಕೆ, ಆಗಸ್ಟ್ 19ರಂದು, ಬಾಗ್ದಾದಿನ ವಿಶ್ವಸಂಸ್ಥೆ ಕಚೇರಿಗೇ ಬಾಂಬ್ ತುಂಬಿದ ಲಾರಿ ನುಗ್ಗಿಸಿದರು. 22 ಜನ ಸತ್ತರು. ಆ ರಾತ್ರಿ ಟಿವಿ ರೂಮಿನಲ್ಲಿ ಭತ್ಯೆಯ ಮಾತು ಯಾರೂ ಎತ್ತಲಿಲ್ಲ. ಸೆಪ್ಟೆಂಬರಿನಲ್ಲಿ ಮಗಳು ಹುಟ್ಟಿದಾಗ ರಜೆ ಮೇಲೆ ಊರಲ್ಲಿದ್ದೆ. ಹುಲಿಗಿಗೆ ಹೋಗಿ ಹರಕೆ ತೀರಿಸಿದೆವು.

ಅಮೆರಿಕದ ಜೊತೆ ಆ ಯುದ್ಧಕ್ಕೆ ಇಳಿದ ಬ್ರಿಟನ್ನಿನಲ್ಲೂ ಯಾಕೆ ಅಂತ ಕೇಳಿದವರಿದ್ದರು. ಲಂಡನ್ನಿನ ಬೀದಿಗೆ ಲಕ್ಷಗಟ್ಟಲೆ ಜನ ಇಳಿದರು. ರಾಬಿನ್ ಕುಕ್ ಮಂತ್ರಿಗಿರಿ ಬಿಟ್ಟು ಹೊರಬಂದರು. ಪ್ರಧಾನಿ ಬ್ಲೇರ್ ಅವರ ಸ್ವಂತ ಪಕ್ಷದ 139 ಸಂಸದರೇ ತಿರುಗಿಬಿದ್ದರು. ಆದರೂ 412–149 ಮತದಲ್ಲಿ ಯುದ್ಧ ಪಾಸಾಯಿತು. ಇರಾಕಿನಲ್ಲಿ ಇವೆ ಅಂದಿದ್ದ ಭಯಂಕರ ಆಯುಧಗಳ ದಾಸ್ತಾನು ಸಿಗಲೇ ಇಲ್ಲ. 179 ಬ್ರಿಟಿಷ್ ಸೈನಿಕರು ಸತ್ತರು. ಯುದ್ಧ ಆಗ ಕೊನೆಯ ದಾರಿಯಾಗಿರಲಿಲ್ಲ ಅಂತ, ಬ್ರಿಟನ್ ಅದಕ್ಕೆ ಇಳಿದಿದ್ದರ ಬಗ್ಗೆ ಅಲ್ಲೇ ನಡೆದ ತನಿಖೆಯ ಚಿಲ್ಕಾಟ್ ವರದಿ ಹೇಳಿತು. ಹೇಳಿದ್ದು 2016ರಲ್ಲಿ, 12 ಸಂಪುಟಗಳಲ್ಲಿ. ಸತ್ತವರಿಗೆ ಅದನ್ನು ಓದಿ ಹೇಳೋರು ಯಾರು?

ಎಲ್ಲ ಯುದ್ಧವೂ ಒಂದೇ ಅಂತ ನಾನು ಹೇಳುತ್ತಿಲ್ಲ. ಕಾರ್ಗಿಲ್‌ನಲ್ಲಿ ನಮ್ಮ ಗುಡ್ಡ ಹತ್ತಿ ಕೂತವರನ್ನು ಇಳಿಸಬೇಕಿತ್ತು. ಆಗ ಅವ್ವನೂ ಯಾಕೆ ಅನ್ನಲಿಲ್ಲ. ಇನ್ನೊಂದು ಮಾತು. 1962ರಲ್ಲಿ ಚೀನಾ ಯುದ್ಧ ನಡೆದಿರುವಾಗಲೇ ಸಂಸತ್ತು ಕರೆಯಿರಿ ಅಂತ ನೆಹರೂ ಅವರನ್ನು ಒತ್ತಾಯಿಸಿದವರು ಇದೇ ವಾಜಪೇಯಿ. ನೆಹರೂ ಕರೆದರು, ಕೂತು ಟೀಕೆ ಕೇಳಿಸಿಕೊಂಡರು.

ಟ್ರಂಕು ಈಗಲೂ ಮನೆಯಲ್ಲಿದೆ. ಪಹಣಿ, ಗೊಬ್ಬರದ ರಸೀದಿ ಇಡುತ್ತೇವೆ. ಹೋಟೆಲಿನ ಆ ಹುಡುಗ ಅಗ್ನಿವೀರ ಭರ್ತಿಗೆ ಅಂತ ದಿನಾ ನಸುಕಿನಲ್ಲಿ ಕಾಲುವೆ ದಂಡೆ ಮೇಲೆ ಓಡುತ್ತಾನೆ. ಇನ್ನೂ ಇಪ್ಪತ್ತು ತುಂಬಿಲ್ಲ. ಈ ಪತ್ರ ಅಚ್ಚಾದರೆ ಪೇಪರನ್ನು ಅದೇ ಹೋಟೆಲಿಗೆ ಒಯ್ದು ಅವನ ಕೈಗೆ ಕೊಡುವವನಿದ್ದೇನೆ.

— ನಿವೃತ್ತ ಹವಾಲ್ದಾರ್, ಕಾರಟಗಿ, ಕೊಪ್ಪಳ ಜಿಲ್ಲೆ