ಮಂಗನ ಕಾಯಿಲೆ: ರೋಗನಿರೋಧಕ ಶಕ್ತಿಯ ಬಗ್ಗೆ ಸರಿಯಾದ ತಿಳಿವಳಿಕೆ ಬೇಕು

ಮಾನ್ಯ ಸಂಪಾದಕರೇ,

ಅಡಿಕೆ ಕೊಯ್ಲು ಮುಗಿಯುತ್ತಾ ಬಂದು, ಕೊಟ್ಟಿಗೆಗೆ ಹಾಸಲು ಸೊಪ್ಪಿನಬೆಟ್ಟದಿಂದ ದರಗು ಗುಡಿಸಿ ತರುವ ದಿನಗಳು ಶುರುವಾದವೆಂದರೆ ಸಾಗರ ತಾಲ್ಲೂಕಿನ ನಮ್ಮಂಥ ಕಾಡಂಚಿನ ಊರುಗಳಲ್ಲಿ ಉಣುಗು ಕಚ್ಚಿ ಹರಡುವ ವೈರಸ್ ಜ್ವರವಾದ ಮಂಗನ ಕಾಯಿಲೆಯ ಭಯವೂ ಶುರುವಾಗುತ್ತದೆ. ಅದರ ಬೆನ್ನಿಗೇ ‘ರೋಗನಿರೋಧಕ ಶಕ್ತಿ ಹೆಚ್ಚಿಸುವ’ ಪುಡಿ, ಕಷಾಯ, ಮಾತ್ರೆಗಳ ಮಾರಾಟವೂ ಜೋರಾಗುತ್ತದೆ. ಮೊನ್ನೆ ಸಂತೆಯ ದಿನ ನೆರೆಮನೆಯ ಹೆಂಗಸೊಬ್ಬರು ಎರಡು ದಿನದ ಕೂಲಿಯನ್ನು ಸುರಿದು ಅಂಥದೊಂದು ಡಬ್ಬಿ ತಂದಿದ್ದರು. ‘ಇದನ್ನ ತಗಂಡ್ರೆ ಉಣುಗು ಕಚ್ಚಿದ್ರೂ ಏನೂ ಆಗಲ್ವಂತೆ ಮೇಷ್ಟ್ರೇ’ ಎಂದು ನಂಬಿಕೆಯಿಂದಲೇ ಹೇಳಿದರು. ಉಣುಗು ಹತ್ತದಂತೆ ಮೈಗೆ ಹಚ್ಚಿಕೊಳ್ಳಲೆಂದು ಆಶಾ ಕಾರ್ಯಕರ್ತೆ ಪುಕ್ಕಟೆಯಾಗಿ ಕೊಟ್ಟುಹೋಗಿದ್ದ ಡೇಪಾ ಎಣ್ಣೆಯ ಬಾಟಲಿ ಮಾತ್ರ ಅವರ ಮನೆಯ ಗೋಡೆಗೂಡಿನಲ್ಲಿ ಮುಚ್ಚಳವನ್ನೂ ತೆರೆಯದೆ ಹಾಗೇ ಇತ್ತು. ಹಲವು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದ ನನಗೆ ಅದನ್ನು ನೋಡಿ ಬಹಳ ಸಂಕಟವಾಯಿತು. ಈ ಪತ್ರಕ್ಕೆ ಅದೇ ಕಾರಣ.

ರೋಗನಿರೋಧಕ ಶಕ್ತಿಯೆಂದರೆ ತೊಟ್ಟಿಯಲ್ಲಿ ನೀರು ತುಂಬಿದ ಹಾಗೆ ಏರಿಸಬಹುದಾದ ಒಂದೇ ವಸ್ತುವಲ್ಲ. ಚರ್ಮ, ಎಲುಬಿನ ಮಜ್ಜೆ, ಗುಲ್ಮ, ದುಗ್ಧಗ್ರಂಥಿಗಳು, ಹತ್ತಾರು ಬಗೆಯ ಬಿಳಿ ರಕ್ತಕಣಗಳು ಎಲ್ಲವೂ ಕೂಡಿ ನಡೆಸುವ ಕೆಲಸ ಅದು. ಹಿಮ್ಮಡಿಗೆ ಮುಳ್ಳು ನಟ್ಟು ಕೀವಾದಾಗ ಕೆಲವು ದಿನಗಳಲ್ಲಿ ತೊಡೆಸಂದಿಯಲ್ಲಿ ಗಂಟು ಕಟ್ಟುವುದು ನಮ್ಮಲ್ಲಿ ಯಾರಿಗೂ ಹೊಸದಲ್ಲ. ಗಾಯವಾದದ್ದು ಕಾಲಿನಲ್ಲಿ, ನೋವು ತೊಡೆಯಲ್ಲಿ ಏಕೆ? ಗಾಯದ ಜಾಗದಲ್ಲಿ ಕಾವಲಿರುವ ಕೆಲವು ಕೋಶಗಳು ರೋಗಾಣುವಿನ ತುಣುಕನ್ನು ಹೊತ್ತು ತೊಡೆಸಂದಿಯ ದುಗ್ಧಗ್ರಂಥಿಗೆ ಬರುತ್ತವೆ. ಆ ತುಣುಕನ್ನು ಗುರುತಿಸಬಲ್ಲ ಟಿ ಮತ್ತು ಬಿ ಕೋಶಗಳೆಂಬ ಬಿಳಿ ರಕ್ತಕಣಗಳು ಅಲ್ಲಿ ಒಂದಕ್ಕೆ ಸಾವಿರವಾಗಿ ಬೆಳೆಯುವುದರಿಂದಲೇ ಗ್ರಂಥಿ ಊದಿಕೊಳ್ಳುತ್ತದೆ. ಬಿ ಕೋಶಗಳು ಆ ರೋಗಾಣುವಿಗೇ ಅಂಟಿ ಅದನ್ನು ತಡೆಯುವ ಪ್ರತಿಕಾಯಗಳನ್ನು ತಯಾರಿಸುತ್ತವೆ, ಕೆಲವು ಟಿ ಕೋಶಗಳು ಸೋಂಕು ತಗುಲಿದ ಕೋಶಗಳನ್ನೇ ಹುಡುಕಿ ಕೊಲ್ಲುತ್ತವೆ. ಹೊಸ ರೋಗಾಣುವಾದರೆ ಇದಕ್ಕೆ ಸುಮಾರು ಒಂದು ವಾರ ಹಿಡಿಯುತ್ತದೆ. ಅಷ್ಟರವರೆಗೆ ದೇಹವನ್ನು ಕಾಯುವುದು ಹುಟ್ಟಿನಿಂದಲೇ ಬಂದ ಸಾಮಾನ್ಯ ರಕ್ಷಣೆ: ರೋಗಾಣುಗಳನ್ನು ನುಂಗುವ ಕಣಗಳು, ಜ್ವರದ ಕಾವು, ವೈರಸ್ ಹೊಕ್ಕ ಕೋಶವು ನೆರೆಯ ಕೋಶಗಳನ್ನು ಎಚ್ಚರಿಸಲು ಸ್ರವಿಸುವ ಇಂಟರ್‌ಫೆರಾನ್. ಈ ಇಂಟರ್‌ಫೆರಾನನ್ನು ಐಸಾಕ್ಸ್ ಮತ್ತು ಲಿಂಡೆನ್‌ಮನ್ ಎಂಬ ವಿಜ್ಞಾನಿಗಳು ಲಂಡನ್ನಿನಲ್ಲಿ ಗುರುತಿಸಿ ಪ್ರಕಟಿಸಿದ್ದು 1957ರಲ್ಲಿ. ನಮ್ಮ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು, ಜನ ಜ್ವರದಿಂದ ಮಲಗಿ, ಮಂಗನ ಕಾಯಿಲೆಯ ವೈರಸ್ ಮೊದಲ ಬಾರಿಗೆ ಪತ್ತೆಯಾದದ್ದೂ ಅದೇ ವರ್ಷ.

ಉಣುಗಿನ ವಿಷಯದಲ್ಲಿ ನಮ್ಮ ದೇಹ ಏಕೆ ಸೋಲುತ್ತದೆ ಎಂಬುದನ್ನೂ ತಿಳಿಯಬೇಕು. ಉಣುಗು ಕಚ್ಚಿದ್ದು ಎಷ್ಟೋ ಸಲ ನಮ್ಮ ಗಮನಕ್ಕೇ ಬರುವುದಿಲ್ಲ. ಎಳ್ಳುಕಾಳಿಗಿಂತ ಚಿಕ್ಕದಾದ ಮರಿ ಉಣುಗಿನ ಜೊಲ್ಲಿನಲ್ಲಿ ನೋವು ತುರಿಕೆಗಳನ್ನು ಅಡಗಿಸುವ, ರಕ್ತ ಹೆಪ್ಪುಗಟ್ಟದಂತೆ ತಡೆಯುವ, ಕಚ್ಚಿದ ಜಾಗಕ್ಕೆ ಧಾವಿಸಬೇಕಾದ ರಕ್ಷಣಾಕೋಶಗಳನ್ನು ಮಂಕುಗೊಳಿಸುವ ವಸ್ತುಗಳಿರುತ್ತವೆ. ಅಂದರೆ ಕಾವಲುಗಾರನಿಗೆ ಮೊದಲು ಮಂಪರು ಬರಿಸಿ ಆಮೇಲೆ ವೈರಸ್ಸನ್ನು ಒಳಗೆ ಬಿಡುತ್ತದೆ. ಯಾವ ಪುಡಿಯನ್ನು ಎಷ್ಟು ನೆಕ್ಕಿದರೂ ಅದು ಇದನ್ನು ತಡೆಯಲಾರದು. ಕಾಡಿಗೆ ಹೋಗುವ ಮೊದಲು ಕೈಕಾಲಿಗೆ ಎಣ್ಣೆ ಸವರಿಕೊಂಡು, ಮೈಮುಚ್ಚುವ ಬಟ್ಟೆ ತೊಟ್ಟು, ಮರಳಿ ಬಂದೊಡನೆ ಆ ಬಟ್ಟೆಯನ್ನು ಬಿಸಿನೀರಿಗೆ ಹಾಕಿ ಸೋಪು ಹಚ್ಚಿ ಸ್ನಾನ ಮಾಡಿದರೆ ವೈರಸ್ ಒಳಗೆ ಬರುವ ದಾರಿಯೇ ಬಹುಮಟ್ಟಿಗೆ ಮುಚ್ಚುತ್ತದೆ.

ಶಕ್ತಿ ‘ಹೆಚ್ಚಿದಷ್ಟೂ ಒಳ್ಳೆಯದು’ ಎಂಬ ಮಾತೂ ಸರಿಯಲ್ಲ. ಎದೆಮೂಳೆಯ ಹಿಂದಿರುವ ಥೈಮಸ್ ಗ್ರಂಥಿಯಲ್ಲಿ ಟಿ ಕೋಶಗಳಿಗೆ ತನ್ನದು ಯಾವುದು, ಹೊರಗಿನದು ಯಾವುದು ಎಂಬ ಪರೀಕ್ಷೆ ನಡೆಯುತ್ತದೆ. ಸ್ವಂತ ದೇಹದ ಮೇಲೆ ಎರಗುವಂಥವುಗಳಲ್ಲಿ ಹೆಚ್ಚಿನವು ಅಲ್ಲೇ ನಾಶವಾಗುತ್ತವೆ. ಈ ಹತೋಟಿ ತಪ್ಪಿದಾಗಲೇ ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಟೈಪ್ 1 ಮಧುಮೇಹ ಮತ್ತು ಬೆರಳ ಗೆಣ್ಣುಗಳನ್ನು ಸೊಟ್ಟಗೆ ಮಾಡುವ ರುಮಟಾಯ್ಡ್ ಸಂಧಿವಾತ ಬರುವುದು. ದೇಹಕ್ಕೆ ಬೇಕಿರುವುದು ಹದ. ಹೊಟ್ಟೆತುಂಬ ಊಟ, ನಿದ್ದೆ, ಸಕ್ಕರೆ ಕಾಯಿಲೆಯಿದ್ದರೆ ಅದರ ಹತೋಟಿ, ವೇಳೆಗೆ ಸರಿಯಾಗಿ ಲಸಿಕೆ, ಇವು ಆ ಹದವನ್ನು ಉಳಿಸುತ್ತವೆ.

ಮಂಗನ ಕಾಯಿಲೆಯ ಲಸಿಕೆಯ ವಿಚಾರದಲ್ಲಿ ಮಲೆನಾಡಿನ ಅನುಭವ ಕಹಿಯಾದದ್ದು. 1990ರಿಂದ ಬಳಕೆಗೆ ಬಂದ ಲಸಿಕೆಯನ್ನು ಒಂದು ತಿಂಗಳ ಅಂತರದಲ್ಲಿ ಎರಡು ಸಲ, ಆರರಿಂದ ಒಂಬತ್ತು ತಿಂಗಳ ಬಳಿಕ ಬೂಸ್ಟರ್, ಆಮೇಲೆ ವರ್ಷಕ್ಕೊಂದರಂತೆ ಹಾಕಿಸಿಕೊಳ್ಳಬೇಕಿತ್ತು. ಚುಚ್ಚಿದ ಜಾಗದ ಉರಿ, ಕೂಲಿ ತಪ್ಪುವ ಚಿಂತೆಗಳಿಂದ ಅನೇಕರು ಮೊದಲ ಸೂಜಿಗೇ ನಿಲ್ಲಿಸಿದರು. 2005ರಿಂದ 2010ರವರೆಗಿನ ಅಂಕಿ ಅಂಶಗಳನ್ನು ಪರಿಶೀಲಿಸಿದ ಅಧ್ಯಯನದಲ್ಲಿ ಎರಡು ಡೋಸ್ ಪಡೆದವರಲ್ಲಿ ಸುಮಾರು ಶೇ 62ರಷ್ಟು, ಬೂಸ್ಟರನ್ನೂ ಪಡೆದವರಲ್ಲಿ ಸುಮಾರು ಶೇ 83ರಷ್ಟು ರಕ್ಷಣೆ ಕಂಡುಬಂದಿತ್ತು. ಲಸಿಕೆಯಲ್ಲಿದ್ದ ನಿಷ್ಕ್ರಿಯಗೊಳಿಸಿದ ವೈರಸ್ಸಿನ ಪಾಠವನ್ನು, ರೋಗಾಣುವಿನ ಗುರುತನ್ನು ನೆನಪಿಟ್ಟುಕೊಳ್ಳುವ ಕೋಶಗಳು ಒಂದೇ ಸಲಕ್ಕೆ ಗಟ್ಟಿಮಾಡಿಕೊಳ್ಳಲಾರವು, ಮಗ್ಗಿಯ ಹಾಗೆ ಮತ್ತೆ ಮತ್ತೆ ಒಪ್ಪಿಸಬೇಕು ಎಂಬುದನ್ನು ಆಗ ಮನೆಮನೆಗೆ ಬಿಡಿಸಿ ಹೇಳಿದ್ದರೆ ಅಷ್ಟು ಜನ ಅರ್ಧಕ್ಕೆ ಕೈಬಿಡುತ್ತಿರಲಿಲ್ಲವೆಂದು ನಾನು ನಂಬಿದ್ದೇನೆ. ಮುಂದೆ ಆ ಲಸಿಕೆಯ ಪರಿಣಾಮವೇ ಕುಗ್ಗಿ, 2022ರ ಹೊತ್ತಿಗೆ ಅದರ ಬಳಕೆ ನಿಂತುಹೋಯಿತು.

ಇನ್ನೊಂದು ಮಾತನ್ನು ತಾವು ದೊಡ್ಡ ಅಕ್ಷರಗಳಲ್ಲಿ ಪ್ರಕಟಿಸಬೇಕೆಂದು ಕೋರುತ್ತೇನೆ. ಈ ಜ್ವರ ಬಿಟ್ಟಿತೆಂದು ಎದ್ದು ತೋಟಕ್ಕೆ ಹೋದವರಲ್ಲಿ ಕೆಲವರಿಗೆ ಒಂದೆರಡು ವಾರ ಕಳೆದು ಮತ್ತೆ ಜ್ವರ ಮರುಕಳಿಸಿ, ತೀವ್ರ ತಲೆನೋವು, ಕೈ ನಡುಕ, ಮಂಪರು ಕಾಣಿಸಿಕೊಳ್ಳುತ್ತವೆ. ಈ ಜ್ವರದಲ್ಲಿ ಬಿಳಿ ರಕ್ತಕಣಗಳೂ ರಕ್ತ ಹೆಪ್ಪುಗಟ್ಟಲು ಬೇಕಾದ ಪ್ಲೇಟ್‌ಲೆಟ್ ಕಣಗಳೂ ಇಳಿದಿರುವಾಗ ಮೈಕೈ ನೋವಿಗೆಂದು ಅಂಗಡಿಯಿಂದ ಆಸ್ಪಿರಿನ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ತಂದು ನುಂಗಿದರೆ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಮೊದಲ ದಿನಗಳಲ್ಲಿ ರಕ್ತದಲ್ಲಿ ವೈರಸ್ಸನ್ನೇ ಪತ್ತೆ ಮಾಡಬಹುದು, ಆಮೇಲೆ ಪ್ರತಿಕಾಯಗಳನ್ನು ಹುಡುಕಬೇಕಾಗುತ್ತದೆ. ಆದ್ದರಿಂದ ಜ್ವರ ಎಂದು ಬಂತೆಂದು ಸರಿಯಾಗಿ ಹೇಳುವುದೂ ಚಿಕಿತ್ಸೆಯ ಭಾಗವೇ. ಕಾಡಿಗೆ ಹೋಗಿ ಬಂದವರಿಗೆ ಜ್ವರ ಬಂದರೆ ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ಕಾಡಿಗೆ ಹೋದ ವಿಷಯವನ್ನು ವೈದ್ಯರಿಗೆ ತಾವಾಗಿಯೇ ತಿಳಿಸಬೇಕು.

ಹೊಸ ಲಸಿಕೆ ಬಂದಾಗ ಅದು ದೇಹಕ್ಕೆ ಏನನ್ನು ಕಲಿಸುತ್ತದೆ, ಎಷ್ಟು ಸಲ ಏಕೆ ಬೇಕು, ಎಷ್ಟರಮಟ್ಟಿಗೆ ಕಾಯುತ್ತದೆ ಎಂಬುದನ್ನು ಆರೋಗ್ಯ ಇಲಾಖೆಯವರು ಗ್ರಾಮಸಭೆಗಳಲ್ಲಿ ನಮ್ಮ ಮಾತಿನಲ್ಲೇ ವಿವರಿಸಲಿ; ಆ ತನಕ ಮನೆಮನೆಗೆ ಎಣ್ಣೆ ಹಂಚುವಾಗ ಅದನ್ನು ಹಚ್ಚಿಕೊಳ್ಳುವ ಬಗೆಯನ್ನೂ ಅಲ್ಲೇ ನಿಂತು ತೋರಿಸಿಕೊಡಲಿ. ನೆರೆಮನೆಯ ಆ ಹೆಂಗಸಿಗೆ ನಾನು ಅಷ್ಟೇ ಮಾಡಿದೆ. ಮರುದಿನ ಬೆಳಿಗ್ಗೆ ಅವರು ದರಗಿನ ಜಲ್ಲೆ ಹೊತ್ತು ಹೊರಡುವ ಮುನ್ನ ಜಗುಲಿಯಲ್ಲಿ ಕುಳಿತು ಪಾದದಿಂದ ಮೊಣಕಾಲಿನವರೆಗೆ ಎಣ್ಣೆ ಸವರಿಕೊಳ್ಳುತ್ತಿದ್ದರು.

ಇಂತಿ,
ಒಬ್ಬ ನಿವೃತ್ತ ವಿಜ್ಞಾನ ಶಿಕ್ಷಕ
ಸಾಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ